ಕಸಿ ಕಣ್ಣಿನ ಕೋಶ ಎಣಿಸುವಾಗ ಇನ್ನೊಂದು ಕಣ್ಣನ್ನೂ ನೋಡಿ

ಸಿಂಧನೂರು, ಗಂಗಾವತಿ ಕಡೆಯಿಂದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕಸಿ ಆದವರು ಬಂದರೆ ನನ್ನ ಮೊದಲ ಪ್ರಶ್ನೆ, ಮಬ್ಬು ಯಾವ ಹೊತ್ತಿಗೆ ಜಾಸ್ತಿ? "ಮುಂಜಾನೆ ಎದ್ದಕೂಡ್ಲೇ ಮಬ್ಬು, ಮಧ್ಯಾಹ್ನಕ್ಕ ತಿಳಿ ಆಗ್ತದ್ರಿ" ಅಂದರೆ ಒಳಪದರದ ಎಂಡೋಥೀಲಿಯಂ ಸೋಲುತ್ತಿರಬಹುದು. ರೆಪ್ಪೆ ಮುಚ್ಚಿದ್ದಾಗ ನೀರು ಆರುವುದಿಲ್ಲ, ಅದನ್ನು ಹೊರಗೆಳೆಯುವ ಕೋಶಗಳೂ ಸಾಲುವುದಿಲ್ಲ. ಸತ್ತ ಕೋಶ ಮತ್ತೆ ಹುಟ್ಟದು. ಪಕ್ಕದ್ದು ಹಿಗ್ಗಿ ಜಾಗ ತುಂಬುತ್ತದೆ.

ಒಳಪದರದ ಕೋಶಗಳನ್ನು ತೋರಿಸುವ ಸ್ಪೆಕ್ಯುಲರ್ ಚಿತ್ರ ಮೊದಲು, ಕಣ್ಣು ಮುಟ್ಟಿ ಒತ್ತಡ ನೋಡುವುದು ಆಮೇಲೆ. ಯಂತ್ರ ತಾನಾಗಿ ಕೊಟ್ಟ ಅಂಕಿ ನಾನು ಬರೆದುಕೊಳ್ಳುವುದಿಲ್ಲ: ಕೋಶ ದೊಡ್ಡದಾಗಿ ಗೆರೆ ಮಸುಕಾದ ಕಡೆ ಅದು ಒಂದನ್ನೇ ಎರಡಾಗಿ ಎಣಿಸುತ್ತದೆ. ಕಸಿಯ ನಡುಭಾಗದ ಮೂರು ಚಿತ್ರಗಳಲ್ಲಿ ಒಂದಕ್ಕೊಂದು ತಾಗಿದ ಕೋಶಗಳ ಮಧ್ಯಕ್ಕೆ ನಾನೇ ಚುಕ್ಕೆ ಇಡುತ್ತೇನೆ, ಸಿಕ್ಕರೆ 100. ಹಳೆಯ ಕಸಿಯಲ್ಲಿ 50 ಸಿಗುವುದೂ ಕಷ್ಟ. ಎಣಿಸಿದ್ದೆಷ್ಟು ಅಂತ ಪಕ್ಕದಲ್ಲೇ ಬರೆದಿಡಬೇಕು. ಊತದಿಂದ ಚಿತ್ರ ಬಾರದಿದ್ದರೆ "ಬರಲಿಲ್ಲ" ಅಂತ ಬರೆಯಿರಿ, ಸೊನ್ನೆ ಅಂತಲ್ಲ. ಅದೇ ದಿನ ಕಸಿಯ ದಪ್ಪವನ್ನೂ ಅಳೆಯುತ್ತೇನೆ.

ಸಾಮಾನ್ಯ ಕಣ್ಣಲ್ಲಿ ವರ್ಷಕ್ಕೆ ಶೇ 0.6ರಷ್ಟು ಕೋಶ ಹೋಗುತ್ತವೆ. ಕಸಿಯಲ್ಲಿ ಇಳಿತ ಬಲು ಬೇಗ. ಚದರ ಮಿ.ಮೀ.ಗೆ 2600 ಕೋಶ ಇದ್ದದ್ದು 1900ಕ್ಕೆ ಬಂದರೆ ಶೇ 27 ಹೋಯಿತು. ನೇತ್ರ ಬ್ಯಾಂಕಿನ ಚೀಟಿಯ ಅಂಕಿ ಬೇರೆ ಯಂತ್ರದ್ದು, ಹಾಗಾಗಿ ಹೋಲಿಕೆಗೆ ನಮ್ಮಲ್ಲೇ ತೆಗೆದ ಮೊದಲ ಚಿತ್ರವೇ ಬುನಾದಿ. 500ರ ಕೆಳಗೆ ಕಸಿ ಯಾವಾಗ ಬೇಕಾದರೂ ಊದಿಕೊಳ್ಳಬಹುದು.

ಇಳಿತಕ್ಕೆ ಮೂಲ ಕಾಯಿಲೆ ಕಾರಣವೇ? ತೆಗೆದ ಕಾರ್ನಿಯಾದ ಜೊತೆ ಆ ಸುಳಿವೂ ಹೋಗಿರುತ್ತದೆ. ಉಳಿಯುವುದು ಇನ್ನೊಂದು ಕಣ್ಣು. ಅದರ ಸ್ಪೆಕ್ಯುಲರ್ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ತುಂಬಿದ್ದರೆ ಫುಕ್ಸ್, ಅಂದರೆ ಒಳಪದರ ಸವೆಯುವ ಕಾಯಿಲೆ. ಪಟ್ಟಿ, ಗುಳ್ಳೆ ಕಂಡರೆ ಪೋಸ್ಟೀರಿಯರ್ ಪಾಲಿಮಾರ್ಫಸ್ ಡಿಸ್ಟ್ರೋಫಿ, ಅದೂ ಒಳಪದರದ ಕಾಯಿಲೆಯೇ. ಆ ಕಣ್ಣು ಶುದ್ಧವಾಗಿದ್ದು ಕಸಿ ಕಣ್ಣಿನ ಪಾಪೆ ಒಂದು ಕಡೆ ಎಳೆದಂತಿದ್ದರೆ ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುವ ಐಸಿಇ ಸಿಂಡ್ರೋಮ್ ನೆನಪಾಗಬೇಕು. ಒತ್ತಡ ಏರಿದೆ, ಒಳಗೆ ನಾಣ್ಯದಾಕಾರದ ಕಲೆಯಿದೆ, ಸ್ಟೀರಾಯ್ಡ್‌ಗೂ ಬಗ್ಗುತ್ತಿಲ್ಲ ಅಂದರೆ ಅದನ್ನು ರಿಜೆಕ್ಷನ್ (ದೇಹ ಕಸಿಯನ್ನು ತಿರಸ್ಕರಿಸುವುದು) ಅಂದುಕೊಂಡು ಕೂರಬಾರದು. ಸಿಎಂವಿ ಎಂಬ ವೈರಸ್ ಇರಬಹುದು; ಕಣ್ಣಿನ ಮುಂಭಾಗದ ನೀರು ತೆಗೆದು ಅದರ ಪತ್ತೆಗೆ ಪಿಸಿಆರ್‌ಗೆ ಕಳಿಸಬೇಕು.

ಕೂಸಿನ ಎರಡೂ ಕಣ್ಣು ಹುಟ್ಟಿದಾಗಿನಿಂದ ಬೆಳ್ಳಗಿದ್ದರೆ ತಾಯಿಯನ್ನು ಸೋದರಮಾವನಿಗೆ ಕೊಟ್ಟಿದ್ದಾರಾ ಅಂತ ಕೇಳುತ್ತೇನೆ. ರಕ್ತಸಂಬಂಧದ ಮದುವೆಯ ಮಕ್ಕಳಲ್ಲಿ ಹೆಚ್ಚು ಕಾಣುವ, ಒಳಪದರದ ಹುಟ್ಟು ಕಾಯಿಲೆ ಸಿಎಚ್‌ಇಡಿಯಲ್ಲಿ ಕಾರ್ನಿಯಾ ಎರಡು-ಮೂರು ಪಟ್ಟು ದಪ್ಪ, ಅಗಲ ಮಾತ್ರ ಸಾಮಾನ್ಯ. ದಪ್ಪಕ್ಕೇ ಒತ್ತಡ ಹೆಚ್ಚು ತೋರಿಸಿ ಗ್ಲಾಕೋಮಾ ಅನ್ನಿಸುತ್ತದೆ. ಕಿವಿ ಪರೀಕ್ಷೆ ಮುಂದೆಯೂ ಆಗಾಗ ಮಾಡಿಸಬೇಕು, ಕೇಳುವುದು ತಡವಾಗಿ ಕುಂದಬಹುದು.

ಇಷ್ಟೆಲ್ಲ ಹುಡುಕುವ ಮುಂಚೆ ಒಮ್ಮೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಹನಿ) ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬಿಳಿ ಗಷ್ಟು ಕೂತಿದ್ದರೆ, ಅಲುಗಾಡಿಸದೆ ಹಾಕಿರಬಹುದು. ಹಾಗಿದ್ದರೆ ಕಣ್ಣಿಗೆ ಬಿದ್ದದ್ದು ಹೆಚ್ಚುಕಡಿಮೆ ಬರೀ ತಿಳಿನೀರು.