ಮೊಣಗಂಟು, ಕಣಕಾಲು ಮುರಿತ: ಎಕ್ಸ್‌ರೇಯಲ್ಲಿ ತಪ್ಪದಿರಲು

ಮಳೆಗಾಲ ಬಂತೆಂದರೆ ಮಂಗಳೂರು, ಉಡುಪಿಯ ಎಕ್ಸ್‌ರೇ ಕೋಣೆಗಳಿಗೆ ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿದವರು, ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದವರು ಬರುತ್ತಲೇ ಇರುತ್ತಾರೆ. ಎಲ್ಲರಿಗೂ ಮೊಣಗಂಟಿನ ಎಕ್ಸ್‌ರೇ ಬೇಕಿಲ್ಲ. ಯಾರಿಗೆ ಬೇಕೆಂದು ಹೇಳುವ ಒಟ್ಟಾವಾ ನಿಯಮದಂತೆ ಐದರಲ್ಲಿ ಒಂದಿದ್ದರೂ ತೆಗೆಯಬೇಕು: ವಯಸ್ಸು 55 ಅಥವಾ ಹೆಚ್ಚು, ಮಂಡಿಚಿಪ್ಪಿನಲ್ಲಿ ಮಾತ್ರ ಒತ್ತುನೋವು, ಫಿಬುಲಾದ (ಕಣಕಾಲಿನ ಹೊರಬದಿಯ ತೆಳು ಮೂಳೆ) ತಲೆಯಲ್ಲಿ ಒತ್ತುನೋವು, 90 ಡಿಗ್ರಿ ಮಡಚಲಾಗದಿರುವುದು, ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿರುವುದು. ಕುಡಿದವರಿಗೆ, ಕಾಲಿನ ಸ್ಪರ್ಶ ಹೋದವರಿಗೆ ಈ ಲೆಕ್ಕ ನಡೆಯದು.

ಟೇಬಲ್ ಹತ್ತಿಸುವ ಮೊದಲು ಪಾದದ ನಾಡಿ ಮುಟ್ಟಿ ನೋಡಿ. ಪಾದ ತಣ್ಣಗಿದ್ದು ನಾಡಿ ಸಿಗದಿದ್ದರೆ ಮೊದಲು ಡಾಕ್ಟರು, ಆಮೇಲೆ ಎಕ್ಸ್‌ರೇ. ಮನೆಯವರು ಅಡಿಕೆ ಹಾಳೆ ಕಟ್ಟಿ ತಂದಿದ್ದರೆ ಬಿಚ್ಚುವ ಅವಸರ ಬೇಡ, ಕಿರಣ ಅದನ್ನು ಹಾದುಹೋಗುತ್ತದೆ. ಸೇಫ್ಟಿ ಪಿನ್, ಕಾಲ್ಗೆಜ್ಜೆ ತೆಗೆಯಿಸಿ. ಒದ್ದೆ ಲೇಪ ದಪ್ಪಗಿದ್ದರೆ ಅದರ ನೆರಳೂ ಬೀಳುತ್ತದೆ, ಒರೆಸಿ. ಹೆಂಗಸರಲ್ಲಿ ಗರ್ಭದ ಬಗ್ಗೆ ಕೇಳಲು ಮರೆಯಬೇಡಿ.

ಎಪಿ, ಅಂದರೆ ಮುಂದಿನಿಂದ ತೆಗೆಯುವ ಚಿತ್ರ, ಸುಲಭ. ಕಾಲು ನೀಟ, ಮಂಡಿಚಿಪ್ಪು ನೇರ ಮೇಲಕ್ಕೆ, ಟ್ಯೂಬ್ 100 ಸೆಂಟಿಮೀಟರ್ ದೂರ, ಕಿರಣದ ನಡು ಚಿಪ್ಪಿನ ಕೆಳತುದಿಗಿಂತ 1 ಸೆಂಟಿಮೀಟರ್ ಕೆಳಗೆ.

ಎಡವುವುದು ಲ್ಯಾಟರಲ್‌ನಲ್ಲಿ, ಅಂದರೆ ಪಕ್ಕದ ನೋಟದಲ್ಲಿ. ಪೆಟ್ಟಾದವರನ್ನು ಮಗ್ಗುಲಿಗೆ ಹೊರಳಿಸಬೇಡಿ. ಅಂಗಾತ ಮಲಗಿದಂತೆಯೇ ಇರಲಿ. ಮೊಣಗಂಟಿನ ಅಡಿಗೆ ಸ್ಪಂಜು ಕೊಟ್ಟು ತುಸು ಎತ್ತಿ, ಡಿಟೆಕ್ಟರನ್ನು (ಚಿತ್ರ ಮೂಡುವ ಫಲಕ) ಎರಡು ಕಾಲಿನ ನಡುವೆ ನಿಲ್ಲಿಸಿ, ಹೊರಬದಿಯಿಂದ ಕಿರಣವನ್ನು ಅಡ್ಡಲಾಗಿ ಬಿಡಿ. ಕೆಲವು ನಿಮಿಷ ಅಲುಗಾಡದೆ ಮಲಗಿದ್ದರೆ ಮಜ್ಜೆಯಿಂದ ಸೋರಿದ ಕೊಬ್ಬು ರಕ್ತದ ಮೇಲೆ ತೇಲುತ್ತದೆ. ಚಿಪ್ಪಿನ ಮೇಲ್ಗಡೆ ಕಪ್ಪು ಪದರ, ಅದರಡಿ ಬಿಳುಪು, ನಡುವೆ ಗೆರೆ ಎಳೆದಂಥ ಮಟ್ಟ. ಬಿರುಕು ಕಣ್ಣಿಗೆ ಬೀಳದಿದ್ದರೂ ಕೀಲಿನೊಳಗೆ ಮೂಳೆ ಒಡೆದಿದೆ ಎಂದೇ ಅರ್ಥ. ಕಿರಣ ಮೇಲಿನಿಂದ ಬಿಟ್ಟರೆ ಈ ಮಟ್ಟ ಕಾಣುವುದೇ ಇಲ್ಲ. ಚಿಪ್ಪು ಅಡ್ಡ ಮುರಿದಿರುವ ಸಂಶಯವಿದ್ದರೆ ಸ್ಕೈಲೈನ್ ನೋಟಕ್ಕೆಂದು (ಮಡಚಿದ ಮಂಡಿಯ ಚಿಪ್ಪನ್ನು ಉದ್ದುದ್ದಕ್ಕೆ ಕಾಣುವ ಚಿತ್ರ) ಮಂಡಿ ಮಡಚಬೇಡಿ, ತುಂಡುಗಳು ದೂರವಾಗುತ್ತವೆ.

ಕಣಕಾಲಿಗೆ ಮೊಣಗಂಟು, ಪಾದದ ಕೀಲು ಎರಡೂ ಬರಬೇಕು. ಉದ್ದ ಕಾಲಾದರೆ 35×43 ಸೆಂಟಿಮೀಟರಿನ ಕ್ಯಾಸೆಟ್ಟನ್ನು ಕರ್ಣಕ್ಕೆ ಇಡಿ. ಆಗಲೂ ಸಾಲದಿದ್ದರೆ ಎರಡು ಚಿತ್ರ ತೆಗೆಯಿರಿ, ಜಿಪುಣತನ ಬೇಡ. ಪಾದ ತಿರುಚಿದಾಗ ಫಿಬುಲಾ ಮೊಣಗಂಟಿನ ಬಳಿ ಮುರಿಯುವುದುಂಟು. ಇದು ಮೆಸನ್ಯೂವ್ ಮುರಿತ, ಪಾದದ ಕೀಲಿನ ಚಿತ್ರವೊಂದನ್ನೇ ನೋಡಿದವರಿಗೆ ತಪ್ಪಿಹೋಗುತ್ತದೆ.

ಓದುವಾಗ ಮೋಸ ಮಾಡುವುದು ಚಿಪ್ಪಿನ ಮೇಲಿನ ಹೊರಮೂಲೆ. ಅಲ್ಲಿನ ತುಂಡಿನ ಅಂಚು ನುಣುಪಾಗಿ, ಸುತ್ತ ಬಿಳಿ ಗೆರೆಯಿದ್ದರೆ ಅದು ಬೆಳೆಯುವಾಗ ಕೂಡದೆ ಎರಡಾಗಿ ಉಳಿದ ಚಿಪ್ಪು. ಮುರಿತದ ಅಂಚು ಚೂಪು. ಟಿಬಿಯಾದ, ಅಂದರೆ ಕಣಕಾಲಿನ ದಪ್ಪ ಮೂಳೆಯ, ಮೇಲ್ತುದಿಯ ಹೊರ ಅಂಚಿನಲ್ಲಿ ಚಿಕ್ಕ ಚೂರು ಕಂಡರೆ ಸಣ್ಣದೆಂದು ಬಿಡಬೇಡಿ: ಸೆಗಾಂಡ್ ಮುರಿತವಿರಬಹುದು. ಅದರ ಜೊತೆ ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು) ಹರಿದಿರುವುದೇ ಹೆಚ್ಚು, ಎಂಆರ್‌ಐ ಬೇಕಾಗುತ್ತದೆ. ಟಿಬಿಯಾ ಪ್ಲೇಟೋ (ಆ ಮೂಳೆಯ ಚಪ್ಪಟೆ ಮೇಲ್ಭಾಗ) ಕುಸಿದಿದ್ದರೆ ಸಿಟಿ ಸ್ಕ್ಯಾನ್. ಎಷ್ಟು ಮಿಲಿಮೀಟರ್ ಇಳಿದಿದೆ, ಎತ್ತ ಸೀಳಿದೆ ಎಂಬುದು ಅದರಲ್ಲೇ ಸರಿಯಾಗಿ ಸಿಗುತ್ತದೆ. ಓಟಗಾರರ ಒತ್ತಡದ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರಬಹುದು.

ಪ್ಲಾಸ್ಟರ್ ಬಿದ್ದ ಮೇಲೂ ನೋವು ಏರುತ್ತಲೇ ಇದ್ದು, ಕಾಲಬೆರಳು ಎಳೆದರೆ ಚೀರುವಂತಾದರೆ ಮತ್ತೊಂದು ಎಕ್ಸ್‌ರೇಗೆ ಕಳಿಸಬೇಡಿ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಊತದ ಒತ್ತಡಕ್ಕೆ ಸ್ನಾಯುಗಳಿಗೆ ರಕ್ತ ಸಿಗದಿರುವುದು) ಅದರಲ್ಲಿ ಕಾಣದು. ಕೂಡಲೇ ಆರ್ಥೋದವರನ್ನು ಕರೆಯಿರಿ.