ಕೋಳಿ ಮ್ಯಾಶ್‌ಗೆ ಬೆಳ್ಳುಳ್ಳಿ, ಅರಿಶಿನ, ಓಮ: ನಾನು ಬೆರೆಸುವ ಬಗೆ

ಗಿರಿರಾಜ ಕೋಳಿಗಳ 100 ಕೆಜಿ ಮ್ಯಾಶ್‌ಗೆ (ನುಚ್ಚು-ಪುಡಿಯ ಮೇವಿಗೆ) ನಾನು ಹಾಕುವುದು ಬೆಳ್ಳುಳ್ಳಿ ಪುಡಿ 500 ಗ್ರಾಂ, ಅರಿಶಿನ 300, ಓಮ 150, ಕರಿಮೆಣಸು 50. ಒಟ್ಟು ಒಂದು ಕೆಜಿ. ಮೊದಲ ವಾರದ ಮರಿಗಳಿಗೆ ಇದರ ಅರ್ಧ ಸಾಕು. ಕರುಳಿನಲ್ಲಿ ಇ. ಕೋಲಿ, ಕ್ಲಾಸ್ಟ್ರಿಡಿಯಂ ಥರದ ಬ್ಯಾಕ್ಟೀರಿಯಾ ಮೇಲುಗೈ ಪಡೆಯದಿರಲಿ ಎಂದು ಇದನ್ನು ಕೊಡುವುದು. ಆಗಲೇ ಬಂದ ರೋಗ ಇದರಿಂದ ವಾಸಿಯಾಗದು.

ಹೆಚ್ಚು ಕೆಡುವುದು ಬೆಳ್ಳುಳ್ಳಿಯೇ. ಬ್ಯಾಕ್ಟೀರಿಯಾ ಕೊಲ್ಲುವ ಅಲಿಸಿನ್ ಎಸಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಜಜ್ಜಿದಾಗ ಒಳಗಿನ ಕಿಣ್ವವೊಂದು ಅದನ್ನು ಹುಟ್ಟಿಸುತ್ತದೆ. ಬಿಸಿ ಹೆಚ್ಚಾದರೆ ಆ ಕಿಣ್ವ ಸತ್ತುಹೋಗುತ್ತದೆ. ಹಾಗಾಗಿ ಹುರಿಯಬಾರದು, ಕುದಿಸಬಾರದು. ಸಿಪ್ಪೆ ಸುಲಿದು ತೆಳ್ಳಗೆ ಹೆಚ್ಚಿ, ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸುತ್ತೇನೆ. ಡ್ರೈಯರ್ ಇದ್ದರೆ 50 ಡಿಗ್ರಿ ದಾಟಿಸುವುದಿಲ್ಲ. ಮುರಿದರೆ ಪಟಕ್ಕನೆ ಸದ್ದು ಬರುವಷ್ಟು ಒಣಗಿದ ಮೇಲೆ ಪುಡಿ. ಸುಮಾರು ಮೂರು ಕೆಜಿ ಹಸಿಗೆ ಒಂದು ಕೆಜಿ ಪುಡಿ ಸಿಗುತ್ತದೆ. ಚಿಟಿಕೆ ಪುಡಿಯನ್ನು ಒಂದು ಚಮಚ ಉಗುರುಬೆಚ್ಚಗಿನ ನೀರಿಗೆ ಹಾಕಿ ಮೂಸಿ ನೋಡಿ. ಒಂದೆರಡು ನಿಮಿಷದಲ್ಲಿ ಹಸಿ ಬೆಳ್ಳುಳ್ಳಿಯ ಘಾಟು ಏಳಬೇಕು. ಏಳದಿದ್ದರೆ ಆ ಪುಡಿಯಿಂದ ಪ್ರಯೋಜನವಿಲ್ಲ. ಕೋಳಿಯ ಕತ್ತಿನ ಬುಡದ ಮೇವಿನ ಚೀಲದಲ್ಲಿ ಮೇವು ನೆನೆಯುವಾಗ ನಡೆಯುವುದೂ ಇದೇ. ಮೇವನ್ನು ಪೆಲೆಟ್ (ಗುಳಿಗೆ) ಮಾಡಿಸುವವರು ಪುಡಿಯನ್ನು ಮಿಲ್ಲಿಗೆ ಕೊಡಬೇಡಿ, ಅಲ್ಲಿನ ಹಬೆಗೆ ಎಲ್ಲ ಹೋಗುತ್ತದೆ.

ಓಮದಲ್ಲಿ ಕೆಲಸ ಮಾಡುವ ಥೈಮಾಲ್ ಎಂಬ ಅಂಶ ಗಾಳಿಗೆ ಆರಿಹೋಗುವ ಗುಣದ್ದು. ಬೆರೆಸುವ ದಿನವೇ ಪುಡಿ ಮಾಡಿ, ಬೆರೆಸಿದ ಮೇವನ್ನು ವಾರದೊಳಗೆ ಮುಗಿಸಿ. ಅರಿಶಿನವನ್ನು ಕೊಂಬೇ ತಂದು ಬೀಸಿಸಿ, ಬಿಡಿ ಪುಡಿಗೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಮೆಣಸು ಹಾಕುವುದು ಅರಿಶಿನ ಮೈಗೆ ಹತ್ತಲಿ ಎಂದು. ಬೇವಿನ ಎಲೆ ನಾನು ಹಾಕುವುದಿಲ್ಲ; ಕಹಿಗೆ ಕೋಳಿ ಮೇವು ಬಿಟ್ಟರೆ ತೂಕವೇ ಇಳಿಯುತ್ತದೆ.

ಒಂದು ಕೆಜಿ ಪುಡಿಯನ್ನು ನೇರವಾಗಿ ನೂರು ಕೆಜಿಗೆ ಸುರಿದರೆ ಅರ್ಧದಷ್ಟು ಕೋಳಿಗಳಿಗೆ ಹೆಚ್ಚಾಗುತ್ತದೆ, ಉಳಿದರ್ಧಕ್ಕೆ ಸಿಗುವುದೇ ಇಲ್ಲ. ಮೊದಲು ನಾಲ್ಕು ಕೆಜಿ ಮೆಕ್ಕೆಜೋಳದ ನುಚ್ಚಿಗೆ, ಅದನ್ನು ಇಪ್ಪತ್ತು ಕೆಜಿಗೆ, ಆಮೇಲೆ ಪೂರ್ತಿಗೆ. ಪುಡಿ ತಳಕ್ಕೆ ಇಳಿಯದಂತೆ ಮೊದಲ ಹಂತದಲ್ಲೇ 200 ಮಿಲಿ ಸೋಯಾ ಎಣ್ಣೆ ಸವರುತ್ತೇನೆ. ನೀರು ಮಾತ್ರ ಚಿಮುಕಿಸಬೇಡಿ, ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಸರಿಯಾಗಿ ಬೆರೆತಿದೆಯೇ ಎಂದು ಕಣ್ಣಳತೆಯಲ್ಲಿ ತಿಳಿಯದು, ಜೋಳದ ಬಣ್ಣವೂ ಹಳದಿಯೇ. ಐದು ಕಡೆಯಿಂದ ಚಿಟಿಕೆ ಚಿಟಿಕೆ ತೆಗೆದು ಬಿಳಿ ತಟ್ಟೆಯಲ್ಲಿಟ್ಟು ಸುಣ್ಣದ ತಿಳಿನೀರು ಬಿಡಿ. ಅರಿಶಿನ ಇದ್ದ ಕಡೆ ಓಕುಳಿಯ ಹಾಗೆ ಕೆಂಪಾಗುತ್ತದೆ. ಐದೂ ಒಂದೇ ಹದಕ್ಕೆ ಕೆಂಪಾಗುವವರೆಗೆ ಮತ್ತೆ ತಿರುವಬೇಕು.

ಕಷಾಯ ಮಾಡಿ ಕುಡಿಯುವ ನೀರಿಗೆ ಬಿಡುವುದನ್ನು ಕೈಬಿಟ್ಟಿದ್ದೇನೆ. ಪೈಪಿನೊಳಗೆ ಲೋಳೆ ಕಟ್ಟಿ, ಕೋಳಿ ನೀರು ಕುಡಿಯುವ ನಿಪ್ಪಲ್ ಮುಚ್ಚಿಕೊಂಡು, ಆ ಲೋಳೆಯಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಿದ್ದು ಶೆಡ್ಡಿನಲ್ಲಿ ಕಣ್ಣು ಉರಿಯುವಷ್ಟು ಅಮೋನಿಯಾ ತುಂಬಿದ್ದರಂತೂ ಯಾವ ಪುಡಿಯೂ ಕೆಲಸ ಮಾಡದು. ಮೊದಲು ಅದನ್ನು ಸರಿಪಡಿಸಿ.

ಕಾಯಿಲೆ ಬಿದ್ದ ಕೋಳಿ ಮೇವು ಮುಟ್ಟುವುದಿಲ್ಲ, ಮೇವಿನಲ್ಲಿರುವ ಪುಡಿ ಅದಕ್ಕೆ ಸೇರುವುದೇ ಇಲ್ಲ. ಸತ್ತದ್ದನ್ನು ಕುಯ್ದಾಗ ಪಿತ್ತಜನಕಾಂಗ, ಹೃದಯದ ಮೇಲೆ ಬಿಳಿ-ಹಳದಿ ಪೊರೆ ಕಂಡರೆ ಇ. ಕೋಲಿ ಎಂದು ಸಂಶಯಪಡಬೇಕು. ಆಗತಾನೇ ಸತ್ತ ಎರಡು ಮೂರು ಕೋಳಿಗಳನ್ನು ಐಸ್ ಮೇಲಿಟ್ಟು, ಫ್ರೀಜರ್‌ಗೆ ಹಾಕದೆ, ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಗೋ ಹತ್ತಿರದ ಪಶು ರೋಗ ಪತ್ತೆ ಕೇಂದ್ರಕ್ಕೋ ಒಯ್ಯಿರಿ. ಯಾವ ಆಂಟಿಬಯಾಟಿಕ್‌ಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಕೋಲಿಸ್ಟಿನ್ ಎಂಬ ಆಂಟಿಬಯಾಟಿಕ್ ಹಳೆಯ ದಾಸ್ತಾನು ಇದ್ದರೂ ಮುಟ್ಟಬೇಡಿ, ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದು 2019ರಿಂದ ನಿಷೇಧ. ವೈದ್ಯರು ಔಷಧಿ ಬರೆದ ದಿನಗಳಲ್ಲಿ ನನ್ನ ಪುಡಿ ಬಂದ್. ಮೆಣಸು ಔಷಧಿ ಮೈಗೆ ಹತ್ತುವ ಪ್ರಮಾಣವನ್ನೇ ಬದಲಿಸಬಲ್ಲದು. ಪುಡಿ ಕೊಡುತ್ತಿದ್ದೆ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡುತ್ತೇನೆ.