ಬಣ್ಣದವರು ಮೆತ್ತಿ ಹೋದ ಗೋಡೆಯನ್ನು ಮತ್ತೆ ಸರಿಮಾಡಿಸುವುದು ಹೇಗೆ?

ನಮ್ಮ ಮಲಗುವ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದಿದ್ದ ಬಿರುಕು ದಸರೆಗೆ ಮುಚ್ಚಿತು, ಯುಗಾದಿಗೆ ಮತ್ತೆ ಬಾಯಿ ಬಿಟ್ಟಿತು. ಜೊತೆಗೆ, ಗೋಡೆ ನುಣುಪಾಗಲೆಂದು ಬಣ್ಣದ ಕೆಳಗೆ ಹಚ್ಚುವ ಪುಟ್ಟಿಯ ಅಂಗೈಯಗಲದ ಹೊಪ್ಪಳೆಯೊಂದು ಕಳಚಿ ಹಾಸಿಗೆಯ ಮೇಲೆ ಬಿತ್ತು. ಆಮೇಲೆ ಕಲಬುರಗಿಯಲ್ಲಿ ಪರಿಚಯದವರ ಮನೆಗೆ ಹೋದಾಗಲೆಲ್ಲ ಗೋಡೆ ನೋಡುವುದೇ ನನಗೆ ಚಾಳಿಯಾಯಿತು. ಎಲ್ಲರೂ ಬಣ್ಣದವನೊಂದಿಗೆ ಜಗಳವಾಡುವುದು ಬಣ್ಣದ ಬಗ್ಗೆ; ತಪ್ಪು ಇರುವುದು ಬಣ್ಣದ ಕೆಳಗೆ. ಜಗಳದಲ್ಲಿ ಗೆದ್ದವರಿಗೂ ದಕ್ಕುವುದು ಹಳೆಯ ಮೆತ್ತಿಗೆಯ ಮೇಲೆ ಇನ್ನೊಂದು ಕೈ ಬಣ್ಣ ಮಾತ್ರ.

1. ಬಾಕಿ ಹಣ ಕೈಯಲ್ಲಿರಲಿ

ಒಪ್ಪಿದ ಮೊತ್ತದ ಕಾಲುಭಾಗವನ್ನಾದರೂ ಗೋಡೆ ನೋಡಿಯೇ ಕೊಡಿ. ಈಗಾಗಲೇ ಪೂರ್ತಿ ಕೊಟ್ಟಿದ್ದರೆ ನಿಮ್ಮ ಮಾತಿಗೆ ತೂಕ ಕಡಿಮೆ, ಮುಂದಿನ ಕೆಲಸ ಮಾತ್ರ ಅದೇ.

2. ರಾತ್ರಿ ನೋಡಿ, ಬೆರಳಿನಿಂದ ತಟ್ಟಿ

ಹಗಲಿನಲ್ಲಿ ಎಲ್ಲ ಗೋಡೆಯೂ ಚೆಂದವೇ. ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಪುಟ್ಟಿಯ ಗುಡ್ಡ, ಪುಟ್ಟಿ ಹಚ್ಚುವ ತಗಡಿನ ಪಟ್ಟಿ ಎಳೆದ ಗೀರು, ಉಜ್ಜದೆ ಬಿಟ್ಟ ಅಂಚು ಎಲ್ಲವೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ನಂತರ ಬೆರಳಿನ ಗಿಣ್ಣಿನಿಂದ ತಟ್ಟುತ್ತ ಹೋಗಿ. ಗಟ್ಟಿ ಗೋಡೆ ಮಂದವಾಗಿ ಸದ್ದು ಮಾಡುತ್ತದೆ. ಒಳಗೆ ಬಿಟ್ಟುಕೊಂಡ ಗಿಲಾವು, ಅಂದರೆ ಇಟ್ಟಿಗೆಯ ಮೇಲಿನ ಸಿಮೆಂಟ್ ಪದರ, ಖಾಲಿ ಮಡಕೆಯಂತೆ ಟೊಳ್ಳು ದನಿ ಕೊಡುತ್ತದೆ. ಅಂಥಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಹತ್ತಿದರೆ ಅದನ್ನೂ ಬರೆದಿಡಿ.

3. ಬಣ್ಣದವನ ತಪ್ಪು ಯಾವುದು, ನೆಲದ ತಪ್ಪು ಯಾವುದು

ಇಲ್ಲಿ ನ್ಯಾಯವಾಗಿರಬೇಕು. ನಮ್ಮ ಜಿಲ್ಲೆಯ ಎರೆಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುತ್ತದೆ. ತಳಪಾಯ ಸಾಲದ ಮನೆ ಅದರೊಂದಿಗೆ ಏರಿಳಿಯುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಹೆಚ್ಚಾಗಿ ಈ ಜಾತಿಯದು. ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೀಟು ಎಳೆದು ತಾರೀಖು ಬರೆಯಿರಿ. ಗೀಟು ದಾಟಿ ಬೆಳೆಯುತ್ತಿದ್ದರೆ ಅಥವಾ ಅಗಲ 5 ಮಿಲಿಮೀಟರ್ ಮೀರಿದ್ದರೆ ಪುಟ್ಟಿಯ ಮಾತು ಬಿಟ್ಟು ಎಂಜಿನಿಯರನ್ನು ಕರೆಯಿರಿ.

ನೆಲದಿಂದ ಮೂರಡಿ ಎತ್ತರದವರೆಗೆ ಉಪ್ಪು ಹೂವಿನಂತೆ ಅರಳಿದ್ದರೆ ಅದು ತೇವದ ಕೆಲಸ. ಅನುಮಾನವಿದ್ದಲ್ಲಿ ಒಂದು ಚದರಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಹಾಳೆಯ ಗೋಡೆಯ ಕಡೆ ಹನಿ ಕಟ್ಟಿದ್ದರೆ ಬಚ್ಚಲಿನ ಪೈಪು, ಮಾಳಿಗೆಯ ಸೋರಿಕೆ ಮೊದಲು ಸರಿಯಾಗಬೇಕು. ಇದಕ್ಕೆಲ್ಲ ಬಣ್ಣದವನನ್ನು ಬೈಯುವುದು ಸಲ್ಲದು. ತೇವ ಕಂಡೂ ಹೇಳದೆ ಬಳಿದಿದ್ದರೆ ಮಾತ್ರ ಬೈಯಬಹುದು.

4. ಗೋಡೆಯ ಮುಂದೆಯೇ ಮಾತಾಡಿ

ಫೋನಿನಲ್ಲಿ ಮಾತು ಬೆಳೆಸಬೇಡಿ. ಸಂಜೆ ಕರೆಸಿ, ಚಹಾ ಕೊಟ್ಟು, ಟಾರ್ಚು ಅವನ ಕೈಗೇ ಕೊಡಿ. ನಮ್ಮ ಮನೆಗೆ ಬಂದವನು ಮೊದಲು, “ಅಕ್ಕಾ, ಇದು ಗೋಡೆಯ ದೋಷ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದು ಕೋಟ್ ಹೊಡೆದರೆ ಏನೂ ಕಾಣುವುದಿಲ್ಲ, ಅಕ್ಕಾ” ಎಂದ. ಎರಡನೆಯ ಮಾತಿಗೆ ಯಾವ ಕಾರಣಕ್ಕೂ ಒಪ್ಪಬೇಡಿ. “ಅಣ್ಣಾ, ಬಣ್ಣ ಆಮೇಲೆ. ಸುತ್ತು ಹಾಕಿದ ಜಾಗವನ್ನೆಲ್ಲ ಮೊದಲು ಕೆರೆದು ತೆಗೆ” ಎಂದಷ್ಟೇ ಹೇಳಿ. ಸಾಮಾನು ನಮ್ಮದು, ಕೂಲಿ ಅವನದು ಎಂಬುದು ನಾನು ಮಾಡಿಕೊಂಡ ರಾಜಿ. ಗಿಲಾವೇ ಟೊಳ್ಳಾಗಿದ್ದರೆ ಅದು ಗೌಂಡಿಯ ಕೆಲಸ. “ಅದನ್ನೂ ನಾನೇ ಮಾಡುತ್ತೇನೆ” ಎನ್ನುವ ಬಣ್ಣದವನ ಉತ್ಸಾಹಕ್ಕೆ ಅಲ್ಲೇ ಕಡಿವಾಣ ಹಾಕಿ.

5. ಕೆರೆಯುವುದು, ತುಂಬುವುದು

ಎಲ್ಲರೂ ಕೆಡಿಸುವುದು ಇಲ್ಲೇ. ಆ ಹೊತ್ತಿನಲ್ಲಿ ಮನೆಯವರೊಬ್ಬರು ಎದುರಿಗಿರಬೇಕು.

ಪೆನ್ಸಿಲಿನಿಂದ ಹಾಕಿದ ಸುತ್ತಿನ ಗೆರೆ ಬಂತೆಂದು ಕೆರೆಯುವುದನ್ನು ನಿಲ್ಲಿಸಬಾರದು. ಪುಟ್ಟಿ ಪಟ್ಟಿಯ ಮೂಲೆ ಪದರದ ಕೆಳಗೆ ನುಗ್ಗುತ್ತಿರುವ ತನಕ ಕೆರೆಯುತ್ತಲೇ ಹೋಗಬೇಕು. ಒರಟು ಗಿಲಾವು ಕಂಡು, ಪಟ್ಟಿ ಜಾರದೆ ತಡೆದಾಗ ಅಂಚು ಸಿಕ್ಕಿತೆಂದು ಅರ್ಥ. ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್ ಕೈಗೆ ಪುಡಿಯಾಗಿ ಹತ್ತುತ್ತಿದ್ದರೆ ಅದನ್ನೂ ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆಸಿ. ಪುಡಿಯ ಮೇಲೆ ಹಚ್ಚಿದ ಪುಟ್ಟಿ ಪುಡಿಯನ್ನು ಹಿಡಿದು ನಿಲ್ಲುತ್ತದೆ, ಗೋಡೆಯನ್ನಲ್ಲ.

ಬಿರುಕಿನ ಮೇಲೆ ಸ್ಕ್ರೂಡ್ರೈವರ್ ಎಳೆದು, ಆಯಿತು ಎನ್ನುತ್ತಾರೆ. ಆಗಲಿಲ್ಲ. ಉಳಿ ಸುತ್ತಿಗೆಯಿಂದ ಉದ್ದಕ್ಕೂ 5-6 ಮಿಲಿಮೀಟರ್ ಅಗಲ, ಅಷ್ಟೇ ಆಳದ ಕಾಲುವೆ ತೆಗೆಯಬೇಕು. ಒಳಗಿನ ದೂಳನ್ನು ಒಣ ಬ್ರಷ್ಷಿನಿಂದ ಪೂರ್ತಿ ಹೊರಗೆಳೆಯಬೇಕು. ಆ ಕಾಲುವೆಗೆ ಪುಟ್ಟಿ ಬೇಡ, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಬೇಕು. ಸಿಮೆಂಟ್ ಪುಟ್ಟಿ ಗಟ್ಟಿಯಾದ ಮೇಲೆ ಬಾಗುವುದಿಲ್ಲ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಸೀಳುತ್ತದೆ. ಫಿಲ್ಲರನ್ನು ಒಂದೇ ಸಲ ತುರುಕದೆ ಎರಡು ಸಲ ತುಂಬಿಸಿ, ಮೊದಲನೆಯದು ಒಣಗಿ ಒಳಗಿಳಿದ ಮೇಲೆ ಎರಡನೆಯದು. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವ ಕಡೆ ಮೇಲಿನಿಂದ ಫೈಬರ್ ಜಾಲರಿ ಪಟ್ಟಿ ಹಚ್ಚಿಸುವುದು ಮೇಲು. ತುಂಬಲು ಬೇಸಿಗೆಯ ತುದಿಯೂ ಬೇಡ, ಮಳೆಯ ನಡುವೆಯೂ ಬೇಡ. ದೀಪಾವಳಿಯಿಂದ ಸಂಕ್ರಾಂತಿಯ ತನಕದ ದಿನಗಳೇ ಸರಿ. ದಸರೆಗೆ ಮನೆ ಹೊಳೆಯಬೇಕೆಂಬ ಹಟದಲ್ಲಿ, ಇಲ್ಲಿ ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರಿನ ಹಸಿ ಗೋಡೆಗೆ ಬಳಿಸಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ.

ಆಳವಾದ ಹಳ್ಳವನ್ನು ಗೌಂಡಿ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಮರಳು ಹಾಕಿ ತುಂಬಲಿ. ಏಳು ದಿನ ನೀರುಣಿಸಿ, ಆಮೇಲೆ ಮೂರು ವಾರ ಒಣಗಲು ಬಿಡಿ. ಇಷ್ಟು ದಿನ ಯಾರು ಕಾಯುತ್ತಾರೆಂದು ಬಣ್ಣದವರು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಲಸುತ್ತಾರೆ, ಹದಿನೈದು ನಿಮಿಷದಲ್ಲಿ ಕಲ್ಲಾಗುತ್ತದೆ. ಬಚ್ಚಲ ಗೋಡೆಯ ಬೆನ್ನಿಗೆ ಹಚ್ಚಿದ ಪಿಒಪಿ ತೇವ ಹೀರಿ ಮತ್ತೆ ಮೆತ್ತಗಾಗುತ್ತದೆ. ಅದಕ್ಕೆ ಬಿಳಿ ಸಿಮೆಂಟ್ ಬೆರೆಸಿ “ಡಬಲ್ ಗಟ್ಟಿ” ಎನ್ನುವವರಿದ್ದಾರೆ. ಅವೆರಡೂ ತೇವದಲ್ಲಿ ಸೇರಿದರೆ ಉಬ್ಬಿ ಬಿಟ್ಟುಕೊಳ್ಳುತ್ತವೆ. ಆ ಬುಟ್ಟಿಯನ್ನು ಮನೆಯೊಳಗೆ ಬಿಡಬೇಡಿ.

ಇನ್ನು ಪುಟ್ಟಿ. ಒಂದು ಕಿಲೋಗೆ 350ರಿಂದ 400 ಮಿಲಿಲೀಟರ್ ನೀರು. ಚೀಲದ ಮೇಲೆ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ. ಕೊಳವೆಬಾವಿಯ ಸವಳು ನೀರಲ್ಲ, ನಲ್ಲಿಯ ನೀರು. ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಬೇಕು, ಎರಡು ಗಂಟೆಯೊಳಗೆ ಮುಗಿಸಬೇಕು. ಬುಟ್ಟಿಯಲ್ಲಿ ಗಟ್ಟಿಯಾದದ್ದಕ್ಕೆ ಮತ್ತೆ ನೀರು ಚಿಮುಕಿಸಿ ಎಬ್ಬಿಸಿದ ಪುಟ್ಟಿಗೆ ಜೀವವಿರುವುದಿಲ್ಲ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಕಾದ ಗೋಡೆ ಪುಟ್ಟಿಯ ನೀರನ್ನು ಕ್ಷಣದಲ್ಲಿ ಹೀರಿಬಿಡುತ್ತದೆ, ಪುಟ್ಟಿ ಗಟ್ಟಿಯಾಗುವ ಬದಲು ಪುಡಿಯಾಗುತ್ತದೆ. ಆದ್ದರಿಂದ ಪುಟ್ಟಿ ಹಚ್ಚುವ ಜಾಗಕ್ಕೆ ಮೊದಲು ನೀರು ಚಿಮುಕಿಸಿ, ಮೇಲಿನ ಹೊಳಪು ಆರುವವರೆಗೆ ಕಾಯಿರಿ. ಫ್ಯಾನ್ ನಿಲ್ಲಿಸಿ, ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿದರೆ ಇನ್ನೂ ಚೆನ್ನ.

ತೆಳ್ಳಗೆ ಎರಡು ಕೈ, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ಮೀರಬಾರದು. ಮೊದಲ ಕೈ ಪೆಟ್ಟು ಬಿದ್ದ ಜಾಗದಷ್ಟೇ ಇರಲಿ, ಎರಡನೆಯದು ಸುತ್ತಲೂ ಒಂದು ಗೇಣು ಹೊರಗೆ ಹರಡಲಿ. ಪಟ್ಟಿಯನ್ನು ಹೊರ ಅಂಚಿನ ಕಡೆ ಒತ್ತಿ, ಒಳಗಡೆ ಸಡಿಲ ಬಿಟ್ಟು ಎಳೆಯಬೇಕು. ಆಗ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಆರಂಗುಲದ ಪಟ್ಟಿಯಲ್ಲಿ ಇದು ಕೂಡದು, ಹನ್ನೆರಡು ಅಂಗುಲದ್ದು ಬೇಕು. ಇಲ್ಲವೆಂದರೆ ನೀವೇ ಕೊಂಡು ತನ್ನಿ. ಮರುದಿನ 180 ನಂಬರಿನ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿಸಿ, ಕೊನೆಗೆ ಇನ್ನೂ ನಯವಾದ 320 ನಂಬರಿನದು. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಹಳ್ಳ ಬೀಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಪಕ್ಕದಲ್ಲಿ ಟಾರ್ಚು ಉರಿಯುತ್ತಿರಲಿ.

ನೆಲದ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಹಳ ಮನೆಗಳಲ್ಲಿ ಶಹಾಬಾದ್ ಫರಸಿ ಕಲ್ಲಿನ ನೆಲ. ಅದರ ಮೇಲೆ ಬಿದ್ದ ಪುಟ್ಟಿಯ ಹನಿಯನ್ನು ಬಣ್ಣದವರು ಆಸಿಡ್ ಹಾಕಿ ತೊಳೆದುಕೊಡುತ್ತಾರೆ. ಈ ಫರಸಿ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ಬುರುಗು ಬಂದು ಕಲ್ಲೇ ಕರಗುತ್ತದೆ, ಮಾಸಿದ ಬಿಳಿ ಕಲೆ ಜನ್ಮಕ್ಕೆ ಉಳಿಯುತ್ತದೆ. ಮೊದಲೇ ಗೋಣಿಚೀಲ ಹಾಸಿ. ಬಿದ್ದರೆ ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ.

6. ಪ್ರೈಮರ್, ಬಣ್ಣ

ಪುಟ್ಟಿ ಹಚ್ಚಿದ ಜಾಗಕ್ಕೆ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹಚ್ಚಿಸದೆ ಬಿಡಬೇಡಿ. ಬಣ್ಣವನ್ನು ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಬಳಿಸಿ, ತೇಪೆ ಬಳಿದರೆ ಕಂಡೇ ಕಾಣುತ್ತದೆ.

7. ಬರುವುದೇ ಇಲ್ಲ ಎಂದರೆ

ಫೋಟೊ ಸಮೇತ ವಾಟ್ಸ್ಆ್ಯಪ್‌ನಲ್ಲಿ ಬರೆದು, ಹತ್ತು ದಿನ ಗಡುವು ಕೊಡಿ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇಡೀ ಮನೆಯ ಗುತ್ತಿಗೆ ಕೆಟ್ಟಿದ್ದರೆ ಆ ದಾರಿ ಹಿಡಿಯಿರಿ. ಒಂದು ಗೋಡೆಯ ಐದಾರು ಸಾವಿರಕ್ಕಾದರೆ ನಾನು ಹಿಡಿದಿಟ್ಟ ಬಾಕಿಯಲ್ಲೇ ಬೇರೊಬ್ಬನನ್ನು ಕರೆಸುತ್ತೇನೆ.

ಕೆಲಸ ಮುಗಿದ ರಾತ್ರಿ ಟಾರ್ಚು ಮತ್ತೊಮ್ಮೆ ಹಿಡಿದು ನೋಡಿ, ಬಾಕಿ ಕೊಡಿ. ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಸುರಿದು, ಮುಚ್ಚಳದ ಮೇಲೆ ಬಣ್ಣದ ನಂಬರು, ಕೋಣೆ, ತಿಂಗಳು ಬರೆದಿಡಿ. ನಮ್ಮ ಡಬ್ಬಿ ಅಡುಗೆಮನೆಯ ಅಟ್ಟದ ಮೇಲಿದೆ. ಕಿಟಕಿಯ ಪಕ್ಕದ ಪೆನ್ಸಿಲ್ ಗೀಟನ್ನು ಮಾತ್ರ ಹೊಸ ಬಣ್ಣದ ಮೇಲೆ ಮತ್ತೆ ಎಳೆದು, ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಪ್ರತಿ ತಿಂಗಳು ಹಾಳೆ ತಿರುವುವಾಗ ಎತ್ತಿ ನೋಡುತ್ತೇನೆ.